ಗಣಕಯಂತ್ರದ ಹೊಸ ವ್ಯವಸ್ಥೆ: ಹೋಗುವುದೋ, ನಿಲ್ಲುವುದೋ?

ನಮ್ಮ ತಂದೆಯವರು ಕೊಂಡಿದ್ದ ವಾಲ್ವಿನ ರೇಡಿಯೊ ನಮ್ಮ ನಡುಮನೆಯಲ್ಲಿ ಸುಮಾರು ಮೂವತ್ತು ವರ್ಷ ಹಾಡಿತು. ನಡುವೆ ಎರಡು ಬಾರಿ ವಾಲ್ವು ಬದಲಾಯಿತು. ಒಮ್ಮೆ ಮುಳ್ಳನ್ನು ಎಳೆಯುವ ದಾರ ಕಡಿಯಿತು. ಇನ್ನೊಮ್ಮೆ ಇಲಿಯೊಂದು ಹಿಂಬದಿಯ ರಟ್ಟನ್ನು ಕೊರೆದು ಒಳಗೇ ಸಂಸಾರ ಹೂಡಿತು. ಆದರೆ “ಈ ಪೆಟ್ಟಿಗೆಯ ಅವಧಿ ಮುಗಿಯಿತು, ಇನ್ನು ಇದನ್ನು ಇಟ್ಟುಕೊಳ್ಳುವುದು ಕ್ಷೇಮವಲ್ಲ” ಎಂದು ಯಾರೂ ಬಂದು ಹೇಳಲಿಲ್ಲ. ನಿಲಯದವರು ಒಂದು ಅಲೆಯ ಮೇಲೆ ಮಾತನ್ನು ಕಳಿಸುವರು, ಪೆಟ್ಟಿಗೆ ಅದನ್ನು ಹಿಡಿಯುವುದು. ಅವರಿಗೂ ನಮಗೂ ಇದ್ದ ಒಪ್ಪಂದ ಅಷ್ಟೇ. ಅದನ್ನು ಅವರೂ ಮುರಿಯಲಿಲ್ಲ, ನಾವೂ ಮುರಿಯಲಿಲ್ಲ.

ಈಗ ಅದೇ ನಡುಮನೆಯ ಮೂಲೆಯಲ್ಲಿ ಗಣಕಯಂತ್ರವೊಂದು ಕುಳಿತಿದೆ. ೨೦೧೬ರಲ್ಲಿ ಕೊಂಡದ್ದು. ಅದನ್ನು ನಡೆಸುವ ವ್ಯವಸ್ಥೆಗೆ ‘ವಿಂಡೋಸ್ ೧೦’ ಎಂದು ಹೆಸರು. ಆ ವ್ಯವಸ್ಥೆಗೆ ೨೦೨೫ರ ಅಕ್ಟೋಬರ್ ೧೪ಕ್ಕೆ ಬೆಂಬಲ ಮುಗಿಯುವುದೆಂದು ತಯಾರಿಸಿದವರು ಮೊದಲೇ ಸಾರಿದ್ದರು. ದಿನ ಹತ್ತಿರವಾದಂತೆ ಮನೆಯಲ್ಲಿ ಚರ್ಚೆ ಎದ್ದಿತು. ರಿಪೇರಿಯ ಹುಡುಗ ಬಂದು ನೋಡಿ, “ಮೇಷ್ಟ್ರೆ, ಈ ಮಿಷನ್ನಿಗೆ ಹನ್ನೊಂದು ಹತ್ತೋದಿಲ್ಲ, ಹೊಸದೇ ತಗೊಂಬಿಡಿ” ಎಂದ. “ಚೆನ್ನಾಗಿ ನಡೀತಾ ಇರೋದನ್ನ ಯಾಕಪ್ಪ ಕೆಡಿಸ್ಕೋಬೇಕು, ಇರಲಿ ಬಿಡಿ” ಎಂದಳು ಮಗಳು. ಹೊಸ ಯಂತ್ರಕ್ಕೆ ಸುರಿಯಬೇಕಾದ ಹಣವನ್ನು ನೆನೆದರೆ ಮಗಳ ಮಾತೇ ಸರಿ. ಪತ್ರಿಕೆಗಳಲ್ಲಿ ಬರುವ ಕಳ್ಳತನದ ಸುದ್ದಿಯನ್ನು ನೆನೆದರೆ ಹುಡುಗನ ಮಾತೇ ಸರಿ.

ವಾಚಕರೆ, ನಿಮ್ಮಲ್ಲಿ ಅನೇಕರ ಮನೆಯಲ್ಲಿ ಇದೇ ಚರ್ಚೆ ನಡೆದಿರಬೇಕು. ನಾನು ಕನ್ನಡ ಪಂಡಿತ ಪರೀಕ್ಷೆಗೆ ಓದಿದವನು. ಯಂತ್ರಶಾಸ್ತ್ರ ನನ್ನ ವಿಷಯವಲ್ಲ. ಆದರೆ ಯಾವ ಹೊಸ ಕಷ್ಟ ಎದುರಾದರೂ ಹಿಂದಿನವರು ಇಂಥ ಕಷ್ಟದಲ್ಲಿ ಏನು ಮಾಡಿದರು ಎಂದು ನೋಡುವುದು ಗ್ರಂಥಸಂಪಾದನೆ ಓದಿದವನ ಅಭ್ಯಾಸ. ಹಾಗೆ ನೋಡಿದಾಗ ತಿಳಿದದ್ದು ಇದು: ಹೋಗುವುದೋ ನಿಲ್ಲುವುದೋ ಎಂಬ ಈ ಪ್ರಶ್ನೆಗೆ ಅರುವತ್ತು ವರ್ಷಕ್ಕೂ ಮಿಕ್ಕ ಚರಿತ್ರೆಯಿದೆ. ಅವಸರದಿಂದ ಹೋದವರೂ ಕೆಟ್ಟಿದ್ದಾರೆ, ಹಟದಿಂದ ನಿಂತವರೂ ಕೆಟ್ಟಿದ್ದಾರೆ. ಕೆಡದೆ ಉಳಿದವರು ಯಾರು ಎಂಬುದನ್ನು ಹೇಳುವುದೇ ಈ ಬರೆಹದ ಉದ್ದೇಶ.

ಮದುವೆಮನೆಯ ಮೇಲ್ವಿಚಾರಕ

ಮೊದಲು ‘ವ್ಯವಸ್ಥೆ’ ಎಂದರೇನು ಎಂಬುದನ್ನು ಸ್ಪಷ್ಟಮಾಡಿಕೊಳ್ಳೋಣ. ಮದುವೆಮನೆಯಲ್ಲಿ ಅಡಿಗೆಯವರಿದ್ದಾರೆ, ವಾಲಗದವರಿದ್ದಾರೆ, ಪುರೋಹಿತರಿದ್ದಾರೆ, ಬಡಿಸುವವರಿದ್ದಾರೆ. ಎಲ್ಲರೂ ತಮ್ಮ ಕೆಲಸ ಬಲ್ಲವರೇ. ಆದರೆ ಉಗ್ರಾಣದ ಬೀಗದ ಕೈ ಹಿಡಿದುಕೊಂಡು, ಯಾರಿಗೆ ಯಾವಾಗ ಎಷ್ಟು ಕೊಡಬೇಕು ಎಂದು ನೋಡಿಕೊಳ್ಳುವ ಒಬ್ಬ ಹಿರಿಯ ಇಲ್ಲದಿದ್ದರೆ ಮೊದಲ ಪಂಕ್ತಿಯಲ್ಲೇ ಗದ್ದಲ. ಗಣಕಯಂತ್ರದೊಳಗೆ ಆ ಹಿರಿಯನ ಕೆಲಸ ಮಾಡುವುದೇ ‘ಆಪರೇಟಿಂಗ್ ಸಿಸ್ಟಮ್’ ಎನ್ನಿಸಿಕೊಳ್ಳುವ ಕಾರ್ಯಾಚರಣ ವ್ಯವಸ್ಥೆ. ನೀವು ಪತ್ರ ಬರೆಯುವ ತಂತ್ರಾಂಶ, ಚಿತ್ರ ನೋಡುವ ತಂತ್ರಾಂಶ, ಮುದ್ರಣ ಯಂತ್ರ, ಕೀಲಿಮಣೆ ಎಲ್ಲವೂ ಅವನ ಅಪ್ಪಣೆ ಪಡೆದೇ ಕೆಲಸಮಾಡಬೇಕು.

ಮೊದಮೊದಲು ಈ ಹಿರಿಯನೇ ಇರಲಿಲ್ಲ. ಒಂದು ಲೆಕ್ಕ ಮುಗಿದ ಮೇಲೆ ಮನುಷ್ಯನೊಬ್ಬ ಎದ್ದು ಹೋಗಿ ಮುಂದಿನ ಲೆಕ್ಕದ ಕಾರ್ಡುಗಳನ್ನು ಯಂತ್ರಕ್ಕೆ ಉಣಿಸಬೇಕಾಗಿತ್ತು. ಅಷ್ಟು ಹೊತ್ತೂ ಅಪಾರ ಬೆಲೆಯ ಯಂತ್ರ ಸುಮ್ಮನೆ ಕುಳಿತಿರುತ್ತಿತ್ತು. ಇದನ್ನು ಸಹಿಸಲಾರದೆ ಅಮೆರಿಕದ ಜನರಲ್ ಮೋಟಾರ್ಸ್ ಮತ್ತು ನಾರ್ತ್ ಅಮೆರಿಕನ್ ಏವಿಯೇಷನ್ ಎಂಬ ಎರಡು ಕಂಪನಿಗಳ ಕೆಲಸಗಾರರು ಸೇರಿ ೧೯೫೬ರಲ್ಲಿ ಐಬಿಎಂ ೭೦೪ ಎಂಬ ಯಂತ್ರಕ್ಕೆ ಒಂದು ಮೇಲ್ವಿಚಾರಕ ತಂತ್ರಾಂಶವನ್ನು ಬರೆದರು. ಒಂದು ಕೆಲಸ ಮುಗಿಯುತ್ತಲೇ ಅದು ತಾನೇ ಮುಂದಿನದನ್ನು ಎತ್ತಿಕೊಳ್ಳುತ್ತಿತ್ತು. ಈ ಕುಲದ ಮೂಲಪುರುಷ ಇದೇ ಎಂದು ಚರಿತ್ರಕಾರರು ಸಾಮಾನ್ಯವಾಗಿ ಎಣಿಸುತ್ತಾರೆ. ಯಂತ್ರವನ್ನು ಮಾರಿದವರಿಗಿಂತ ಮೊದಲು ಬಳಸುವವರೇ ಇದನ್ನು ಮಾಡಿಕೊಂಡರು ಎಂಬುದು ನೆನಪಿಡತಕ್ಕ ಸಂಗತಿ.

ಹಳೆಯದನ್ನು ಹೊತ್ತುಕೊಂಡು ಬಂದ ಹೊಸತು

ಹೋಗುವುದೋ ನಿಲ್ಲುವುದೋ ಎಂಬ ಪ್ರಶ್ನೆ ದೊಡ್ಡದಾಗಿ ಎದ್ದದ್ದು ೧೯೬೪ರಲ್ಲಿ. ಆ ವರ್ಷದ ಏಪ್ರಿಲ್ ೭ರಂದು ಐಬಿಎಂ ಕಂಪನಿ ‘ಸಿಸ್ಟಮ್/೩೬೦’ ಎಂಬ ಯಂತ್ರಗಳ ಕುಟುಂಬವನ್ನೇ ಪ್ರಕಟಿಸಿತು. ಅಲ್ಲಿಯವರೆಗೆ ಅದೇ ಕಂಪನಿಯ ಒಂದು ಬಗೆಯ ಯಂತ್ರಕ್ಕೆ ಬರೆದ ಲೆಕ್ಕ ಇನ್ನೊಂದು ಬಗೆಯ ಯಂತ್ರದಲ್ಲಿ ನಡೆಯುತ್ತಿರಲಿಲ್ಲ. ವ್ಯಾಪಾರ ಬೆಳೆದು ದೊಡ್ಡ ಯಂತ್ರ ಬೇಕಾದರೆ ಬರೆದದ್ದನ್ನೆಲ್ಲ ಮತ್ತೆ ಮೊದಲಿನಿಂದ ಬರೆಯಬೇಕು. ಇನ್ನು ಮುಂದೆ ಹಾಗಿಲ್ಲ, ಸಣ್ಣದಕ್ಕೆ ಬರೆದದ್ದು ದೊಡ್ಡದರಲ್ಲೂ ನಡೆಯುತ್ತದೆ ಎಂಬುದು ಹೊಸ ಕುಟುಂಬದ ವಾಗ್ದಾನ.

ಆದರೆ ಕೊಳ್ಳುವವರ ಚಿಂತೆ ಬೇರೆಯೇ ಆಗಿತ್ತು. ಅವರ ಬಳಿ ಐಬಿಎಂ ೧೪೦೧ ಎಂಬ ಹಳೆಯ ಯಂತ್ರ ಇತ್ತು. ಲೋಕದಲ್ಲೆಲ್ಲ ಅದು ಸಾವಿರಗಟ್ಟಲೆ ಹರಡಿತ್ತು. ನಮ್ಮ ದೇಶದಲ್ಲೂ ಇತ್ತು. ಸಂಬಳದ ಪಟ್ಟಿ, ಉಗ್ರಾಣದ ಲೆಕ್ಕ, ವಿಮೆಯ ಕಂತು ಎಲ್ಲವೂ ಅದಕ್ಕೆ ಒಗ್ಗುವಂತೆ ಬರೆದವು. ಹೊಸ ಮನೆ ಎಷ್ಟೇ ಭವ್ಯವಾಗಿರಲಿ, ಹಳೆಯ ಕಣಜವನ್ನು ಬಿಟ್ಟು ಬರುವವರಾರು? ಐಬಿಎಂ ಇದನ್ನು ಅರಿತಿತ್ತು. ಹೊಸ ಯಂತ್ರಗಳ ಒಳಗೇ, ೧೪೦೧ರ ವೇಷ ಹಾಕಿ ಅದರಂತೆಯೇ ನಡೆಯುವ ಉಪಾಯವೊಂದನ್ನು ಇರಿಸಿತು. ಹಳೆಯ ಲೆಕ್ಕ ತಾನು ಹಳೆಯ ಯಂತ್ರದಲ್ಲೇ ಇದ್ದೇನೆಂದು ಭ್ರಮಿಸಿ ನಡೆಯುತ್ತಿತ್ತು. ಹೊಸ ಕುಟುಂಬ ಗೆದ್ದದ್ದಕ್ಕೆ ಈ ಉಪಾಯ ಒಂದು ಮುಖ್ಯ ಕಾರಣ.

ಇದೇ ಕಥೆಗೆ ಇನ್ನೊಂದು ಮುಖ ಉಂಟು. ಯಂತ್ರಗಳ ಜೊತೆಗೆ ಬರಬೇಕಾಗಿದ್ದ ‘ಓಎಸ್/೩೬೦’ ಎಂಬ ವ್ಯವಸ್ಥೆ ಹೇಳಿದ ಹೊತ್ತಿಗೆ ಬರಲಿಲ್ಲ. ಬಂದಾಗಲೂ ತಪ್ಪುಗಳಿಂದ ತುಂಬಿತ್ತು. ಆ ಕಾರ್ಯದ ನಾಯಕರಾಗಿದ್ದ ಫ್ರೆಡ್ ಬ್ರೂಕ್ಸ್ ಅವರು ತಮ್ಮ ಸೋಲುಗೆಲವುಗಳನ್ನು ಮುಚ್ಚಿಡದೆ ೧೯೭೫ರಲ್ಲಿ ಒಂದು ಪುಸ್ತಕ ಬರೆದರು. ತಡವಾದ ತಂತ್ರಾಂಶದ ಕೆಲಸಕ್ಕೆ ಇನ್ನಷ್ಟು ಜನರನ್ನು ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆ ಎಂಬುದು ಅವರು ಕಂಡುಕೊಂಡ ಸತ್ಯ. ಹೊಸ ವ್ಯವಸ್ಥೆಯನ್ನು ಮಾಡುವವರೂ ಮನುಷ್ಯರೇ. ಅದರ ಮೊದಲ ರೂಪದಲ್ಲಿ ದೋಷ ಇರುವುದು ಸಹಜ. ಈ ಮಾತನ್ನು ಮುಂದಿನ ಅರ್ಧ ಶತಮಾನ ಮತ್ತೆ ಮತ್ತೆ ನಿಜಮಾಡಿತು.

ನಡುರಾತ್ರಿಯ ಸಾಲು

೧೯೮೧ರಲ್ಲಿ ಐಬಿಎಂ ಮೇಜಿನ ಮೇಲಿಡುವ ಯಂತ್ರವನ್ನು ಮಾರಾಟಕ್ಕಿಟ್ಟಿತು. ಅದಕ್ಕೆ ಮೈಕ್ರೋಸಾಫ್ಟ್ ಎಂಬ ಸಣ್ಣ ಕಂಪನಿ ‘ಡಾಸ್’ ಎಂಬ ವ್ಯವಸ್ಥೆಯನ್ನು ಒದಗಿಸಿತು. ಕಪ್ಪು ತೆರೆ, ಆಜ್ಞೆಯನ್ನು ಅಕ್ಷರ ಅಕ್ಷರವಾಗಿ ಬರೆಯಬೇಕು. ೧೯೮೫ರಲ್ಲಿ ಅದರ ಮೇಲೆ ಹೊದಿಸುವ ‘ವಿಂಡೋಸ್’ ಬಂತು. ೧೯೯೦ರ ಮೂರನೆಯ ಆವೃತ್ತಿಯಿಂದ ಜನ ಅದನ್ನು ಗಂಭೀರವಾಗಿ ಎಣಿಸತೊಡಗಿದರು.

೧೯೯೫ರ ಆಗಸ್ಟ್ ೨೪ರಂದು ‘ವಿಂಡೋಸ್ ೯೫’ ಹೊರಬಂದಾಗ ಹಲವು ದೇಶಗಳಲ್ಲಿ ನಡುರಾತ್ರಿಯಲ್ಲೇ ಅಂಗಡಿ ತೆರೆದು, ಸಿನಿಮಾದ ಮೊದಲ ಆಟಕ್ಕೆ ನಿಂತಂತೆ ಜನ ಸಾಲಾಗಿ ನಿಂತರು. ಯಂತ್ರದೊಳಗಿನ ಮೇಲ್ವಿಚಾರಕನನ್ನು ಕೊಳ್ಳಲು ಮನೆಮಂದಿ ಹೀಗೆ ನಿಂತದ್ದು ಅದಕ್ಕೆ ಹಿಂದೆ ಇರಲಿಲ್ಲ. ಫ್ಲಾಪಿಯಲ್ಲಿ ಕೊಂಡವರಿಗೆ ೧೩ ಫ್ಲಾಪಿಗಳು. ಒಂದಾದ ಮೇಲೊಂದು ತುರುಕುತ್ತ ಕೂರಬೇಕು. ೪ ಮೆಗಾಬೈಟ್ ಜ್ಞಾಪಕಶಕ್ತಿ ಸಾಕು ಎಂದು ಡಬ್ಬಿಯ ಮೇಲೆ ಬರೆದಿದ್ದರೂ ನೆಮ್ಮದಿಯಿಂದ ನಡೆಯಲು ಅದರ ಎರಡರಷ್ಟಾದರೂ ಬೇಕಾಗಿತ್ತು. ಡಬ್ಬಿಯ ಮೇಲೆ ಬರೆದ ಕನಿಷ್ಠವನ್ನು ನಂಬಬಾರದೆಂಬ ಪಾಠವನ್ನು ಜನ ಅಂದೇ ಕಲಿತರು.

ಆದರೆ ಈ ಹೊಸ ವ್ಯವಸ್ಥೆಯೂ ಹಳೆಯ ಕಣಜವನ್ನು ಹೊತ್ತೇ ಬಂದಿತ್ತು. ‘ಸಿಮ್‌ಸಿಟಿ’ ಎಂಬ ಆಟದ ಪ್ರಸಂಗ ಈ ಕ್ಷೇತ್ರದವರಲ್ಲಿ ಪ್ರಸಿದ್ಧ. ಆ ಆಟದಲ್ಲಿ ಒಂದು ದೋಷವಿತ್ತು. ತಾನು ಬಿಟ್ಟುಕೊಟ್ಟ ಸ್ಥಳವನ್ನೇ ಅದು ಮತ್ತೆ ಓದಲು ಹೋಗುತ್ತಿತ್ತು. ಖಾಲಿಮಾಡಿದ ಬಾಡಿಗೆ ಮನೆಗೆ ಮರುದಿನವೂ ಹೋಗಿ ಊಟಕ್ಕೆ ಕುಳಿತಂತೆ. ಹಳೆಯ ವ್ಯವಸ್ಥೆಯಲ್ಲಿ ಇದು ಹೇಗೋ ನಡೆದುಹೋಗುತ್ತಿತ್ತು, ಹೊಸದರಲ್ಲಿ ಆಟ ಬಿದ್ದುಹೋಗುತ್ತಿತ್ತು. ತಪ್ಪು ಆಟದ್ದು ಎಂದು ಕೈತೊಳೆದುಕೊಳ್ಳದೆ, ಈ ಆಟ ನಡೆಯುವಾಗ ಮಾತ್ರ ಬಿಟ್ಟ ಸ್ಥಳವನ್ನು ತಕ್ಷಣ ಬೇರೆಯವರಿಗೆ ಕೊಡದಂತೆ ವ್ಯವಸ್ಥೆಯಲ್ಲೇ ಏರ್ಪಾಡು ಮಾಡಿದರು. ಇದು ಔದಾರ್ಯವಷ್ಟೇ ಅಲ್ಲ, ವ್ಯಾಪಾರದ ಜಾಣತನವೂ ಹೌದು. ತನ್ನ ಹಳೆಯ ಸಾಮಾನು ಹೊಸ ಮನೆಯಲ್ಲಿ ಕೆಲಸಮಾಡದಿದ್ದರೆ ಜನ ಬೈಯುವುದು ಸಾಮಾನನ್ನಲ್ಲ, ಮನೆಯನ್ನು.

ನಿಂತವರು ಜಾಣರಾದ ಕಾಲ

೨೦೦೧ರ ಅಕ್ಟೋಬರ್ ೨೫ರಂದು ಬಂದ ‘ವಿಂಡೋಸ್ ಎಕ್ಸ್‌ಪಿ’ ದೀರ್ಘಾಯುವಾಯಿತು. ಶಾಲೆ, ಬ್ಯಾಂಕು, ಆಸ್ಪತ್ರೆ ಎಲ್ಲೆಲ್ಲಿಯೂ ಅದೇ. ೨೦೦೭ರ ಜನವರಿಯಲ್ಲಿ ಅದರ ಉತ್ತರಾಧಿಕಾರಿಯಾಗಿ ‘ವಿಸ್ಟಾ’ ಬಂದಾಗ ಅವಸರದಿಂದ ಹೋದವರು ಪಟ್ಟ ಪಾಡು ಅಷ್ಟಿಷ್ಟಲ್ಲ. ಮನೆಯಲ್ಲಿದ್ದ ಮುದ್ರಣ ಯಂತ್ರ, ಸ್ಕ್ಯಾನರು ಹೊಸ ವ್ಯವಸ್ಥೆಯನ್ನು ಗುರುತಿಸಲಿಲ್ಲ. ಸಣ್ಣ ಕೆಲಸಕ್ಕೂ ‘ಅಪ್ಪಣೆಯೇ?’ ಎಂದು ಕೇಳುವ ಕಾಟ. ‘ವಿಸ್ಟಾಕ್ಕೆ ಯೋಗ್ಯ’ ಎಂಬ ಚೀಟಿ ಅಂಟಿಸಿ ಮಾರಿದ ಕೆಲವು ಯಂತ್ರಗಳು ಅದರ ಪೂರ್ಣ ರೂಪವನ್ನು ನಡೆಸಲಾರವೆಂದು ಅಮೆರಿಕದಲ್ಲಿ ಗ್ರಾಹಕರು ನ್ಯಾಯಾಲಯಕ್ಕೂ ಹೋದರು. ಜನರ ಒತ್ತಾಯಕ್ಕೆ ಮಣಿದು ಕಂಪನಿ ಹಳೆಯ ಎಕ್ಸ್‌ಪಿಯ ಮಾರಾಟವನ್ನು ೨೦೦೮ರ ಜೂನ್ ೩೦ರವರೆಗೆ ಮುಂದುವರಿಸಬೇಕಾಯಿತು.

ನಿಂತವರು ಇಲ್ಲಿ ಗೆದ್ದರು. ೨೦೦೯ರ ಅಕ್ಟೋಬರಿನಲ್ಲಿ ಬಂದ ‘ವಿಂಡೋಸ್ ೭’ ವಿಸ್ಟಾದ ಅಡಿಪಾಯದ ಮೇಲೇ ಕಟ್ಟಿದ ಮನೆ. ಆ ಹೊತ್ತಿಗೆ ಯಂತ್ರಗಳ ಶಕ್ತಿ ಹೆಚ್ಚಿತ್ತು, ಮುದ್ರಣ ಯಂತ್ರದವರು ತಮ್ಮ ಕೊಂಡಿಗಳನ್ನು ತಿದ್ದಿಕೊಂಡಿದ್ದರು. ಎರಡು ವರ್ಷ ತಾಳಿದವರಿಗೆ ಅದೇ ಅಡಿಗೆ ಹದವಾಗಿ ಸಿಕ್ಕಿತು. ತಾಳಿದವನು ಬಾಳಿಯಾನು ಎಂಬ ಗಾದೆಗೆ ಇದಕ್ಕಿಂತ ಸಾಕ್ಷಿ ಬೇಕೆ?

ಬೇಕು, ವಾಚಕರೆ. ಏಕೆಂದರೆ ಇದೇ ಗಾದೆಯನ್ನು ನಂಬಿ ಕುಳಿತವರಿಗೆ ಹತ್ತು ವರ್ಷದೊಳಗೆ ಬೇರೊಂದು ಪಾಠ ಕಾದಿತ್ತು.

ಕಾವಲುಗಾರನಿಲ್ಲದ ಮನೆ

ವ್ಯವಸ್ಥೆಯೊಂದರ ‘ಬೆಂಬಲ ಮುಗಿಯಿತು’ ಎಂದರೆ ಅದು ಮರುದಿನ ನಿಂತುಹೋಗುತ್ತದೆ ಎಂದರ್ಥವಲ್ಲ. ಯಂತ್ರ ಎಂದಿನಂತೆ ನಡೆಯುತ್ತದೆ. ಆದರೆ ಈ ವ್ಯವಸ್ಥೆಗಳಲ್ಲಿ ಕೋಟ್ಯಂತರ ಸಾಲುಗಳ ಬರೆವಣಿಗೆಯಿದೆ. ಅದರಲ್ಲಿ ಎಲ್ಲೋ ಒಂದು ಬಿರುಕನ್ನು ಕಳ್ಳರು ಕಂಡುಹಿಡಿಯುತ್ತಲೇ ಇರುತ್ತಾರೆ. ಬಿರುಕು ತಿಳಿದಾಗಲೆಲ್ಲ ತಯಾರಿಸಿದವರು ಗಾರೆ ಕಳಿಸುತ್ತಾರೆ. ಬೆಂಬಲ ಮುಗಿದ ದಿನದಿಂದ ಗಾರೆ ಬರುವುದಿಲ್ಲ. ಎಕ್ಸ್‌ಪಿಗೆ ಹೀಗೆ ಗಾರೆ ನಿಂತದ್ದು ೨೦೧೪ರ ಏಪ್ರಿಲ್ ೮ರಂದು.

೨೦೧೭ರ ಮೇ ೧೨ರಂದು ‘ವನ್ನಾಕ್ರೈ’ ಎಂಬ ಪಿಡುಗು ಹಬ್ಬಿತು. ಅದು ಒಂದು ಯಂತ್ರದಿಂದ ಇನ್ನೊಂದಕ್ಕೆ ತಾನೇ ದಾಟುತ್ತಿತ್ತು. ಕಡತಗಳನ್ನೆಲ್ಲ ಗೂಢಲಿಪಿಗೆ ತಿರುಗಿಸಿ ಬೀಗ ಹಾಕುತ್ತಿತ್ತು. ಬೀಗ ತೆಗೆಯಲು ೩೦೦ ಡಾಲರ್ ಕೇಳುತ್ತಿತ್ತು. ಕೆಲವೇ ದಿನಗಳಲ್ಲಿ ೧೫೦ ದೇಶಗಳ ಎರಡು ಲಕ್ಷಕ್ಕೂ ಹೆಚ್ಚು ಯಂತ್ರಗಳು ಅದರ ಬಾಯಿಗೆ ಬಿದ್ದವು. ಇಂಗ್ಲೆಂಡಿನ ಸರಕಾರಿ ಆಸ್ಪತ್ರೆಗಳಲ್ಲಿ ಸಾವಿರಾರು ರೋಗಿಗಳ ಭೇಟಿಗಳೂ ಶಸ್ತ್ರಚಿಕಿತ್ಸೆಗಳೂ ರದ್ದಾದವು. ಕೆಲವು ಆಸ್ಪತ್ರೆಗಳು ತುರ್ತು ರೋಗಿಗಳನ್ನು ಬೇರೆ ಕಡೆಗೆ ಕಳಿಸಬೇಕಾಯಿತು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಇದೆಲ್ಲ ಹಳೆಯ ಎಕ್ಸ್‌ಪಿಯ ತಪ್ಪೆಂದು ಆಗ ಎಲ್ಲರೂ ಹೇಳಿದರು. ವಿಚಾರಣೆಯಾದಾಗ ತಿಳಿದದ್ದು ಬೇರೆ. ಸಿಕ್ಕಿಬಿದ್ದ ಯಂತ್ರಗಳಲ್ಲಿ ಬಹುಪಾಲು, ಇನ್ನೂ ಬೆಂಬಲ ಇದ್ದ ವಿಂಡೋಸ್ ೭ರವು. ಆ ಬಿರುಕಿಗೆ ಗಾರೆಯನ್ನು ಮಾರ್ಚ್ ೧೪ರಂದೇ, ಅಂದರೆ ಎರಡು ತಿಂಗಳ ಮೊದಲೇ, ಕಳಿಸಲಾಗಿತ್ತು. ಬಂದ ಗಾರೆಯನ್ನು ಬಳಿದುಕೊಳ್ಳದೆ ಮೂಲೆಯಲ್ಲಿಟ್ಟವರು ಸಿಕ್ಕಿಬಿದ್ದರು. ಎಕ್ಸ್‌ಪಿಗೆ ಗಾರೆಯನ್ನು ಎಲ್ಲರಿಗೂ ಬಿಟ್ಟುಕೊಟ್ಟದ್ದು ಪಿಡುಗು ಬಂದ ಮೇಲೆ. ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತೆ. ಆದುದರಿಂದ ವ್ಯವಸ್ಥೆ ಹಳೆಯದೋ ಹೊಸದೋ ಎಂಬುದು ಮೊದಲ ಪ್ರಶ್ನೆಯಲ್ಲ. ಅದಕ್ಕೆ ಕಾವಲಿದೆಯೆ, ಆ ಕಾವಲನ್ನು ನಾವು ಬಳಸುತ್ತಿದ್ದೇವೆಯೆ ಎಂಬುದು ಮೊದಲ ಪ್ರಶ್ನೆ.

ಹಾಗೆಂದು ಕಳಿಸಿದ್ದನ್ನೆಲ್ಲ ಕಣ್ಣುಮುಚ್ಚಿ ನುಂಗುವಂತೆಯೂ ಇಲ್ಲ. ವಿಂಡೋಸ್ ೧೦ನ್ನು ೨೦೧೫ರ ಜುಲೈ ೨೯ರಿಂದ ಒಂದು ವರ್ಷ ಉಚಿತವಾಗಿ ಕೊಟ್ಟರು. ಕೆಲವರ ಯಂತ್ರಗಳಲ್ಲಿ ಅದು ಕೇಳದೆಯೇ ಬಂದು ಕುಳಿತಿತೆಂದು ದೂರು ಎದ್ದಿತು. ಕ್ಯಾಲಿಫೋರ್ನಿಯದ ವ್ಯಾಪಾರಿ ಮಹಿಳೆಯೊಬ್ಬರು ದಾವೆ ಹೂಡಿ ೧೦,೦೦೦ ಡಾಲರ್ ಪಡೆದರು. ೨೦೧೮ರ ಅಕ್ಟೋಬರಿನಲ್ಲಿ ಕಳಿಸಿದ ಒಂದು ದೊಡ್ಡ ಪರಿಷ್ಕರಣೆ ಕೆಲವರ ಪತ್ರ, ಚಿತ್ರಗಳನ್ನೇ ಅಳಿಸಿಹಾಕಿತು. ಅದನ್ನು ಹಿಂತೆಗೆದುಕೊಂಡು, ತಿದ್ದಿ, ನವೆಂಬರಿನಲ್ಲಿ ಮತ್ತೆ ಬಿಡುಗಡೆಮಾಡಿದರು. ಬೇರೆಡೆ ಒಂದು ಪ್ರತಿ ಇಟ್ಟುಕೊಂಡಿದ್ದವರಿಗೆ ಇದು ಅರ್ಧ ದಿನದ ಕಿರುಕುಳ. ಇಟ್ಟುಕೊಳ್ಳದವರಿಗೆ?

ಓಲೆಗರಿಯ ಪಾಠ

ಇಲ್ಲಿ ನನ್ನ ಸ್ವಂತ ಅನುಭವವೊಂದನ್ನು ಹೇಳಬೇಕಾಗಿದೆ. ನಮ್ಮ ಶಾಲೆಯಲ್ಲಿ ನನಗಿಂತ ಹಿರಿಯರಾದ ಕನ್ನಡ ಮೇಷ್ಟ್ರೊಬ್ಬರಿದ್ದರು. ರಜೆಯ ದಿನಗಳಲ್ಲಿ ಸುತ್ತಲ ಹಳ್ಳಿಗಳಿಗೆ ಹೋಗಿ, ನೊಗ, ಮೇಣಿ, ಕೂರಿಗೆ, ಕುಂಟೆ, ಮಿಣಿಗಳ ಜೊತೆಗೆ ಬರುವ ನೂರಾರು ಬೇಸಾಯದ ಮಾತುಗಳನ್ನು ರೈತರ ಬಾಯಿಂದಲೇ ಕೇಳಿ ಬರೆದುಕೊಳ್ಳುತ್ತಿದ್ದರು. ಹನ್ನೊಂದು ವರ್ಷದ ದುಡಿಮೆ. ನಿವೃತ್ತಿಯ ಹೊತ್ತಿಗೆ ಎಲ್ಲವನ್ನೂ ಶಾಲೆಯ ಗಣಕದಲ್ಲಿ ಒಂದೊಂದೇ ಬೆರಳಿನಿಂದ ಕುಟ್ಟಿ ಮುಗಿಸಿದರು. ಬೆರಳಚ್ಚಾಯಿತಲ್ಲ ಎಂದು ಕೈಬರಹದ ಪುಸ್ತಕಗಳ ಮೇಲೆ ಎಚ್ಚರ ತಪ್ಪಿತು. ಮಳೆಗಾಲದ ಸೋರಿಕೆಗೆ ಕೆಲವು ಹಾಳಾದವು.

೨೦೧೪ರಲ್ಲಿ ಶಾಲೆಗೆ ಹೊಸ ಯಂತ್ರ, ಹೊಸ ವ್ಯವಸ್ಥೆ ಬಂದವು. ಹಳೆಯದನ್ನು ಗುಜರಿಗೆ ಹಾಕಿದರು. ಕಡತವನ್ನು ಮಾತ್ರ ಹೊಸದಕ್ಕೆ ವರ್ಗಾಯಿಸಿದ್ದರು. ಮೇಷ್ಟ್ರು ಬಂದು ತೆರೆದು ನೋಡಿದರೆ ಒಂದು ಕನ್ನಡ ಅಕ್ಷರವೂ ಇಲ್ಲ. ಪುಟದ ತುಂಬ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಅವರು ಎರಡು ನಿಮಿಷ ಹಾಗೆಯೇ ನೋಡಿ, “ಹೋಯ್ತು ಬಿಡಿ” ಎಂದು ಎದ್ದು ಹೋದರು. ಅದರ ಮಾತನ್ನು ಮತ್ತೆ ಎತ್ತಲಿಲ್ಲ. ಎರಡು ವರ್ಷದ ಮೇಲೆ ತೀರಿಕೊಂಡರು.

ನಿಜವಾಗಿ ಕಡತ ಹೋಗಿರಲಿಲ್ಲ. ಆದದ್ದು ಇಷ್ಟು. ಆ ಕಾಲದ ಅನೇಕ ಕನ್ನಡ ಲಿಪಿಗಳು ಗಣಕಕ್ಕೆ ಕನ್ನಡವನ್ನು ಕಲಿಸಿರಲಿಲ್ಲ. ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕನ್ನಡದ ತಲೆಕಟ್ಟು, ಒಡಲು, ಒತ್ತುಗಳ ಚಿತ್ರಗಳನ್ನು ಕೂರಿಸಿದ್ದವು. ಅದೇ ಲಿಪಿ ಯಂತ್ರದಲ್ಲಿದ್ದರೆ ಕನ್ನಡ. ಇಲ್ಲದಿದ್ದರೆ ಒಳಗಿನ ಇಂಗ್ಲಿಷ್ ಅಕ್ಷರ ಬಯಲಾಗುತ್ತದೆ. ಇದನ್ನು ದೋಷವೆಂದು ಹಳಿಯಲಾಗದು. ೧೯೯೮ರಲ್ಲಿ ಬಂದ ಶೇಷಾದ್ರಿವಾಸು ಅವರ ‘ಬರಹ’, ಅನಂತರ ಬಂದ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಮೊದಲಾದವುಗಳಿಂದಲೇ ಸಾಮಾನ್ಯರು ಗಣಕದಲ್ಲಿ ಕನ್ನಡ ಬರೆಯುವಂತಾದದ್ದು. ವ್ಯವಸ್ಥೆಗೇ ಕನ್ನಡ ಬಾರದಿದ್ದಾಗ ಅವರು ಇನ್ನೇನು ಮಾಡಬಹುದಿತ್ತು?

ವ್ಯವಸ್ಥೆಗೆ ಕನ್ನಡ ಬಂದದ್ದು ಯೂನಿಕೋಡ್ ಎಂಬ ಜಾಗತಿಕ ಒಪ್ಪಂದದಿಂದ. ೧೯೯೧ರಿಂದಲೇ ಅದರಲ್ಲಿ ಕನ್ನಡಕ್ಕೆ ೧೨೮ ಮನೆಗಳ ಒಂದು ಬೀದಿ ಮೀಸಲಾಗಿತ್ತು. ಮೈಕ್ರೋಸಾಫ್ಟಿನ ವ್ಯವಸ್ಥೆಗಳಲ್ಲಿ ಆ ಬೀದಿಗೆ ದೀಪ ಬಂದದ್ದು ಎಕ್ಸ್‌ಪಿಯಿಂದ. ಅದರ ಜೊತೆಗೆ ‘ತುಂಗಾ’ ಎಂಬ ಲಿಪಿ ಬಂತು. ಆದರೆ ಎಕ್ಸ್‌ಪಿಯಲ್ಲಿ ಅದನ್ನು ಬೇಕೆಂದು ಕೇಳಿ ಹಾಕಿಸಿಕೊಳ್ಳಬೇಕಾಗಿತ್ತು. ವಿಸ್ಟಾದಿಂದ ಮುಂದೆ ಕೇಳದೆಯೇ ದೊರೆಯಿತು. ಎಲ್ಲರೂ ಬೈದ ವಿಸ್ಟಾ ಕನ್ನಡಿಗರಿಗೆ ಮಾಡಿದ ಉಪಕಾರ ಇದು.

ಈ ಒಪ್ಪಂದದ ಸ್ವಭಾವವನ್ನು ತೋರಿಸುವ ಒಂದು ಸ್ವಾರಸ್ಯವುಂಟು. ಹಳಗನ್ನಡದ ‘ೞ’ ನಮಗೆಲ್ಲ ಗೊತ್ತು. ಯೂನಿಕೋಡಿನ ಇಂಗ್ಲಿಷ್ ಪಟ್ಟಿಯಲ್ಲಿ ಈ ಅಕ್ಷರಕ್ಕೆ ಪ್ರಮಾದದಿಂದ ‘ಫ’ ಎಂದು ಹೆಸರು ಬಿದ್ದಿದೆ. ತಪ್ಪೆಂದು ಅವರೇ ಒಪ್ಪಿ ಅಡಿಯಲ್ಲಿ ಬರೆದಿದ್ದಾರೆ; ಆದರೂ ತಿದ್ದಿಲ್ಲ. ಒಮ್ಮೆ ಕೊಟ್ಟ ಹೆಸರನ್ನೂ ಮನೆಯ ಸಂಖ್ಯೆಯನ್ನೂ ಎಂದೆಂದಿಗೂ ಬದಲಿಸುವುದಿಲ್ಲ ಎಂಬುದು ಅವರ ನಿಯಮ. ಪಂಡಿತನಾದವನಿಗೆ ಮೊದಲು ಇದು ಕಿರಿಕಿರಿಯೆನಿಸುತ್ತದೆ, ಯೋಚಿಸಿದರೆ ಸಮಾಧಾನವಾಗುತ್ತದೆ. ತಪ್ಪು ಹೆಸರನ್ನೂ ಕದಲಿಸದವರು ನಾವು ಬರೆದ ಅಕ್ಷರವನ್ನು ಕದಲಿಸುವರೆ?

ಮೇಷ್ಟ್ರ ಕಡತವನ್ನು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಪರಿವರ್ತಕ ತಂತ್ರಾಂಶದ ಮೂಲಕ ಯೂನಿಕೋಡಿಗೆ ತಂದುಕೊಟ್ಟ. ಬಹುಪಾಲು ಸರಿಯಾಗಿ ಬಂತು. ಅರ್ಕಾವೊತ್ತಿನಲ್ಲಿ ಮಾತ್ರ ಅಲ್ಲಲ್ಲಿ ಎಡವಿತು. ಕಾರಣ ಕನ್ನಡದ ಬರೆವಣಿಗೆಯಲ್ಲೇ ಇದೆ. ‘ಧರ್ಮ’ ಎಂಬಲ್ಲಿ ನಾಲಗೆಗೆ ರೇಫ ಮೊದಲು, ಮಕಾರ ಆಮೇಲೆ. ಕಣ್ಣಿಗೆ ಮಕಾರ ಮೊದಲು, ಅರ್ಕಾವೊತ್ತು ಆಮೇಲೆ. ಹಳೆಯ ಲಿಪಿ ಕಣ್ಣಿನ ಕ್ರಮದಲ್ಲಿ ಕೂಡಿಟ್ಟಿತ್ತು. ಯೂನಿಕೋಡ್ ನಾಲಗೆಯ ಕ್ರಮದಲ್ಲಿ ಕೂಡಿಡುತ್ತದೆ. ಉಳಿದಿದ್ದ ಕೈಬರಹವನ್ನು ಪಕ್ಕದಲ್ಲಿಟ್ಟುಕೊಂಡು, ಎರಡು ಬೇಸಗೆ ರಜೆಗಳಲ್ಲಿ ನಾನು ಒಂದೊಂದು ಶಬ್ದವನ್ನೂ ತಿದ್ದಿದೆ. ಕೈಬರಹ ನಾಶವಾದ ಭಾಗದಲ್ಲಿ ಕೆಲವು ಮಾತುಗಳು ಇಂದಿಗೂ ಸಂದೇಹಾಸ್ಪದವಾಗಿಯೇ ಉಳಿದಿವೆ. ಕೇಳಿ ತಿಳಿಯೋಣವೆಂದರೆ ಮೇಷ್ಟ್ರಿಲ್ಲ. ಹೇಳಿದ ರೈತರಲ್ಲೂ ಅನೇಕರಿಲ್ಲ.

ಓಲೆಗರಿಯ ಕಾಲದಲ್ಲೂ ಇದೇ ಕಥೆಯಲ್ಲವೆ? ಗರಿಯನ್ನು ಹುಳು ತಿನ್ನುತ್ತದೆ, ಅಂಚು ಮುರಿಯುತ್ತದೆ. ಹಳೆಯ ಕಟ್ಟು ಶಿಥಿಲವಾಗುವ ಮುನ್ನ ಯಾರೋ ಪುಣ್ಯಾತ್ಮರು ಹೊಸ ಗರಿಗೆ ಪ್ರತಿಮಾಡಿದ್ದರಿಂದ ವಡ್ಡಾರಾಧನೆ ಉಳಿದು, ಡಿ.ಎಲ್. ನರಸಿಂಹಾಚಾರ್ಯರ ಕೈಗೆ ಬಂದು, ೧೯೪೯ರಲ್ಲಿ ಅಚ್ಚಾಯಿತು. ರನ್ನನ ಗದಾಯುದ್ಧ ನಮಗೆ ಉಳಿಯಿತು. ಅದೇ ರನ್ನನ ಪರಶುರಾಮಚರಿತ ಉಳಿಯಲಿಲ್ಲ. ಪೊನ್ನನ ಭುವನೈಕರಾಮಾಭ್ಯುದಯವೂ ದೊರೆತಿಲ್ಲ. ಕಾವ್ಯ ಎಷ್ಟು ದೊಡ್ಡದಾದರೇನು, ಒಂದು ಗರಿಯಿಂದ ಇನ್ನೊಂದು ಗರಿಗೆ ದಾಟಿಸುವವರು ಬೇಕು. ದಾಟಿಸುವಾಗ ಮೂಲದ ಜೊತೆ ಹೋಲಿಸಿ ನೋಡುವವರೂ ಬೇಕು.

ಹಾಗಾದರೆ ನಾವು ಮಾಡುವುದೇನು?

ಈಗ ನಮ್ಮ ನಡುಮನೆಗೆ ಹಿಂದಿರುಗೋಣ. ೨೦೨೧ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ ೧೧, ಯಂತ್ರದಲ್ಲಿ ‘ಟಿಪಿಎಂ ೨.೦’ ಎಂಬ ಗುಟ್ಟಿನ ತಿಜೋರಿಯೂ ಹೊಸ ತಲೆಮಾರಿನ ಸಂಸ್ಕಾರಕವೂ ಇರಲೇಬೇಕೆಂದು ಕೇಳುತ್ತದೆ. ಆದಕಾರಣ ೨೦೧೭ಕ್ಕಿಂತ ಹಿಂದಿನ ಬಹುಪಾಲು ಯಂತ್ರಗಳು, ಗಟ್ಟಿಮುಟ್ಟಾಗಿದ್ದರೂ, ಅದರ ಪಂಕ್ತಿಗೆ ಕೂರುವಂತಿಲ್ಲ. ಅಂಥ ಮನೆಗಳ ಮುಂದೆ ಮೂರು ದಾರಿಗಳು ಉಳಿದವು. ಹೊಸ ಯಂತ್ರ ಕೊಳ್ಳುವುದು ಒಂದು. ಹಳೆಯದಕ್ಕೆ ಇನ್ನೊಂದು ವರ್ಷ, ೨೦೨೬ರ ಅಕ್ಟೋಬರ್ ೧೩ರವರೆಗೆ, ಗಾರೆ ಕಳಿಸುವ ಏರ್ಪಾಡನ್ನು ಕಂಪನಿ ಪ್ರಕಟಿಸಿತು. ಅದನ್ನು ಹಿಡಿಯುವುದು ಎರಡು. ಮೂರನೆಯದು ಲಿನಕ್ಸ್.

ಲಿನಕ್ಸ್ ಎಂಬುದು ೧೯೯೧ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಆರಂಭಿಸಿ, ಲೋಕದ ಸಾವಿರಾರು ಜನ ಸೇರಿ ಬೆಳೆಸಿದ ವ್ಯವಸ್ಥೆ. ಅದಕ್ಕೆ ಬೆಲೆಯಿಲ್ಲ, ಹಳೆಯ ಯಂತ್ರದಲ್ಲೂ ಹಗುರಾಗಿ ನಡೆಯುವ ರೂಪಗಳಿವೆ, ಗಾರೆಯೂ ಬರುತ್ತದೆ. ಆದರೆ ಅದಕ್ಕೂ ಚರಿತ್ರೆಯ ಎಚ್ಚರಿಕೆಯುಂಟು. ಜರ್ಮನಿಯ ಮ್ಯೂನಿಕ್ ನಗರಸಭೆ ೨೦೦೩ರಲ್ಲಿ ತೀರ್ಮಾನಿಸಿ, ಹತ್ತು ವರ್ಷದಲ್ಲಿ ಸುಮಾರು ೧೫,೦೦೦ ಯಂತ್ರಗಳನ್ನು ಲಿನಕ್ಸಿಗೆ ಬದಲಾಯಿಸಿತು. ೨೦೧೭ರಲ್ಲಿ ವಿಂಡೋಸಿಗೆ ಹಿಂದಿರುಗಲು ನಿರ್ಣಯಿಸಿತು. ಅಲ್ಲಿ ರಾಜಕೀಯವೂ ಇತ್ತೆನ್ನುತ್ತಾರೆ. ಹೊರಗಿನವರು ಕಳಿಸುವ ಕಡತಗಳು ಸರಿಯಾಗಿ ತೆರೆಯುವುದಿಲ್ಲವೆಂಬ ದೂರಂತೂ ಇತ್ತು. ಮತ್ತೆ ಅದೇ ಮಾತು: ಮನೆ ಚೆನ್ನಾಗಿದ್ದರೆ ಸಾಲದು, ಸಾಮಾನು ಒಳಗೆ ಹಿಡಿಯಬೇಕು.

ಇಷ್ಟು ಚರಿತ್ರೆಯನ್ನು ಅಳೆದು ಸುರಿದು ನೋಡಿದ ಮೇಲೆ ನಮ್ಮ ಮನೆಯಲ್ಲಿ ಕೈಗೊಂ­ಡ ಕ್ರಮವನ್ನು ಹೇಳುತ್ತೇನೆ. ಮೊದಲು ವ್ಯವಸ್ಥೆಯ ಗೋಜಿಗೇ ಹೋಗಲಿಲ್ಲ. ಯಂತ್ರದಲ್ಲಿದ್ದ ಪಾಠಗಳ ಟಿಪ್ಪಣಿ, ಪ್ರಶ್ನೆಪತ್ರಿಕೆ, ಮದುವೆಯ ಚಿತ್ರಗಳು, ಮೇಷ್ಟ್ರ ಶಬ್ದಪಟ್ಟಿ ಎಲ್ಲವನ್ನೂ ಎರಡು ಬೇರೆ ಬೇರೆ ಡಿಸ್ಕುಗಳಿಗೆ ಪ್ರತಿಮಾಡಿದೆವು. ಒಂದು ನಮ್ಮ ಬೀರುವಿನಲ್ಲಿ, ಇನ್ನೊಂದು ಮಗಳ ಮನೆಯಲ್ಲಿ. ಹಳೆಯ ಲಿಪಿಯಲ್ಲಿ ಇನ್ನೂ ಉಳಿದಿದ್ದ ಕಡತಗಳನ್ನು ಹುಡುಕಿ ಯೂನಿಕೋಡಿಗೆ ತಂದೆವು. ಮೂಲವನ್ನೂ ಹಾಗೆಯೇ ಇಟ್ಟೆವು. ಶಬ್ದಪಟ್ಟಿಯನ್ನು ಕಾಗದದ ಮೇಲೆ ಅಚ್ಚುಹಾಕಿಸಿ ಹೊಲಿಸಿದೆವು. ಆಮೇಲೆ ಆ ಪ್ರತಿಗಳನ್ನು ಮಗಳ ಹೊಸ ಯಂತ್ರದಲ್ಲಿ ಒಂದೊಂದಾಗಿ ತೆರೆದು ಓದಿ ನೋಡಿದೆವು. ಪ್ರತಿ ಇದ್ದರೆ ಸಾಲದು. ಬೇರೆ ಮನೆಯಲ್ಲಿ ಅದು ತೆರೆಯಬೇಕು.

ಇದೆಲ್ಲ ಮುಗಿಯಲು ಮೂರು ಭಾನುವಾರ ಹಿಡಿಯಿತು. ಮುಗಿದ ಮೇಲೆ ‘ಹೋಗುವುದೋ ನಿಲ್ಲುವುದೋ’ ಎಂಬ ಪ್ರಶ್ನೆ, ಅಷ್ಟು ದಿನ ನಮ್ಮನ್ನು ಕಾಡಿದ್ದು, ತರಕಾರಿ ಕೊಳ್ಳುವಷ್ಟು ಸುಲಭವಾಯಿತು. ಹಣ ಕೂಡುವವರೆಗೆ ಹಳೆಯ ಯಂತ್ರಕ್ಕೆ ಲಿನಕ್ಸ್ ಹಾಕಿಸಿದೆವು. ರಿಪೇರಿಯ ಹುಡುಗ ಅನುಮಾನದಿಂದಲೇ ಹಾಕಿಕೊಟ್ಟು, ಶಬ್ದಪಟ್ಟಿ ತೆರೆದು ತೋರಿಸಿ, “ಓದಿ ಮೇಷ್ಟ್ರೆ, ಸರಿಯಿದೆಯಾ?” ಎಂದ. ‘ಕೂರಿಗೆ’ ಎಂದು ಓದಿದೆ. ಅಕ್ಷರ ಅಕ್ಷರವೂ ಸರಿಯಾಗಿತ್ತು.

ನಿಮ್ಮ ಮನೆಯ ತೀರ್ಮಾನ ನಮ್ಮದರಂತೆಯೇ ಆಗಬೇಕಾಗಿಲ್ಲ. ಕಾವಲಿಲ್ಲದ ವ್ಯವಸ್ಥೆಯಲ್ಲಿ ಬ್ಯಾಂಕಿನ ವ್ಯವಹಾರ ಮಾಡುತ್ತ ಕೂರಬೇಡಿ. ಹೊಸದು ಬಂದ ಮೊದಲ ತಿಂಗಳಲ್ಲೇ ಓಡಿಹೋಗಲೂ ಬೇಡಿ. ಇವೆರಡರ ನಡುವೆ ನಿಮಗೆ ಅನುಕೂಲವಾದ ದಿನ ಯಾವುದಾದರೂ ಆಗಲಿ. ಆದರೆ ಆ ದಿನಕ್ಕೆ ಮುಂಚೆ ಒಂದು ಭಾನುವಾರ ಕುಳಿತು, ನಿಮ್ಮ ಯಂತ್ರದಲ್ಲಿ ಅತ್ಯಂತ ಹಳೆಯ ಕನ್ನಡ ಕಡತ ಯಾವುದೆಂದು ಹುಡುಕಿ, ಅದನ್ನು ಬೇರೊಬ್ಬರ ಯಂತ್ರದಲ್ಲಿ ತೆರೆದು ನೋಡಿ. ಅದನ್ನು ಬರೆದವರು ಇನ್ನೂ ನಮ್ಮ ನಡುವೆ ಇರುವಾಗಲೇ ನೋಡಿ.